ಮುಖ ಸಪ್ಪಗೈತೆ

ಅವಲಪಲ್ಲಿಯ ನಮ್ಮ ಪಕ್ಕದ ಮನೆಯಾಕೆಗೆ ಯಾರನ್ನು ಕಂಡರೂ ಒಂದೇ ಮಾತು: "ಯಾಕಕ್ಕಾ, ಮುಖ ಸಪ್ಪಗೈತೆ?" ನಾನು ನಗುನಗುತ್ತಾ ಬಾಗಿಲು ತೆಗೆದ ದಿನವೂ ಹಾಗೇ ಕೇಳಿದ್ದಳು. ಹಿಂದೆಯೇ ಸೆರಗಿನ ಮರೆಯಿಂದ ಕರಪತ್ರ ಬರುತ್ತಿತ್ತು: ಡೆಂಕಣಿಕೋಟೆ ರಸ್ತೆಯ ಆಶ್ರಮದಲ್ಲಿ ಶುಕ್ರವಾರದ ಪೂಜೆ, ಮೇಲೆ ಗುರುಗಳ ನಗುವ ಫೋಟೊ. ನಾನದನ್ನು ಎಣ್ಣೆ ಡಬ್ಬಿಯ ಕೆಳಗೆ ಹಾಸುತ್ತಿದ್ದೆ.

ಅಮ್ಮ ತೀರಿಕೊಂಡು ನಾನು ಊರಿಂದ ವಾಪಸಾದ ದಿನ ಆಕೆ ಬಂದಳು. ಏನೂ ಕೇಳಲಿಲ್ಲ. ಬಿಸಿ ಮುದ್ದೆ, ಸೊಪ್ಪಿನ ಸಾರು ಇಟ್ಟು, ಬೆನ್ನು ಸವರಿ ಹೋದಳು. ತಟ್ಟೆ ಎತ್ತಿ ನೋಡಿದೆ, ಕೆಳಗೆ ಕರಪತ್ರ ಇರಲಿಲ್ಲ.

ಆಮೇಲೂ ಆಕೆ ಪೂಜೆಯ ಸುದ್ದಿ ಎತ್ತಲಿಲ್ಲ. ಎರಡು ವಾರ ನೋಡಿ ನಾನೇ ಆಕೆಯ ಬಾಗಿಲಿಗೆ ಹೋದೆ. "ಆ ಪೂಜೆ ಎಷ್ಟು ಗಂಟೆಗೆ?" ಅಂದೆ.

"ಹತ್ತಕ್ಕೆ. ಮುದ್ದೆ ತಂದ್ಕೊಟ್ಟ ದಿನಾನೇ ನಿನ್ ಹೆಸ್ರು ಬರ್ಸ್‌ಬುಟ್ಟೆ ಕಣಕ್ಕಾ."