ಹದಿನೈದು ದಿನಕ್ಕೊಮ್ಮೆ ಕೈ ಬದಲಾಗುತ್ತಿದ್ದ ಎರಡು ಬೈಕುಗಳು

ಮದುವೆಯಾದ ಮೊದಲ ನಾಲ್ಕು ವರ್ಷ ನಾನೂ ನನ್ನ ಹೆಂಡತಿಯೂ ಜಿಲ್ಲೆಯ ಎರಡು ತುದಿಗಳಲ್ಲಿ ಸಂಸಾರ ಮಾಡಿದೆವು. ನಾನು ನ್ಯಾಮತಿಯಲ್ಲಿ ಭೂಮಾಪಕ, ಅವಳು ಜಗಳೂರಿನಲ್ಲಿ ಪಶುವೈದ್ಯೆ. ಇಬ್ಬರದೂ ಡಾಂಬರು ರಸ್ತೆ ಮುಗಿದ ಮೇಲೆ ಶುರುವಾಗುವ ಕೆಲಸ. ನಾನು ಅಳತೆಯ ಯಂತ್ರವನ್ನು ಬೆನ್ನಿಗೇರಿಸಿಕೊಂಡು ಚಾನಲ್ ಏರಿಗಳ ಮೇಲೆ, ಕೆಸರಿನ ಬಂಡಿದಾರಿಗಳಲ್ಲಿ ಹೋಗಬೇಕಿತ್ತು. ಅವಳು ಔಷಧಿ ಚೀಲ ಕಟ್ಟಿಕೊಂಡು ಕಲ್ಲು ದಾರಿ ಹಿಡಿದು ಕುರಿಹಟ್ಟಿಗಳಿಗೆ ಹೋಗಬೇಕಿತ್ತು.

ಹಾಗಾಗಿ ರಸ್ತೆಗೂ ಕಾಡುದಾರಿಗೂ ಆಗುವಂಥ ಎತ್ತರದ ಬೈಕುಗಳನ್ನೇ ಇಬ್ಬರೂ ಕೊಂಡೆವು. ನನ್ನದು ಹಗುರದ್ದು, ಸಣ್ಣ ಎಂಜಿನ್ನಿನದು. ಅವಳದು ಅದರ ಒಂದೂವರೆಪಟ್ಟು ತೂಕದ್ದು, ದೊಡ್ಡ ಎಂಜಿನ್, ಮುಂದೆ ಹಿಂದೆ ಉದ್ದುದ್ದ ಶಾಕ್ ಅಬ್ಸಾರ್ಬರ್. ಯಾವುದು ಮೇಲು ಎನ್ನುವ ಜಗಳ ಫೋನಿನಲ್ಲಿ ದಿನವೂ ನಡೆಯುತ್ತಿತ್ತು. ಬೇರೆ ಗಂಡ ಹೆಂಡಿರು ಊಟ ಆಯಿತೇ ಎಂದು ಕೇಳಿಕೊಳ್ಳುವ ಹೊತ್ತಿನಲ್ಲಿ ನಾವು ಚೈನಿಗೆ ಎಣ್ಣೆ ಆಯಿತೇ ಎಂದು ಕೇಳಿಕೊಳ್ಳುತ್ತಿದ್ದೆವು.

ಒಂದು ದಿನ ಅವಳೇ ಹೇಳಿದಳು. "ಹಿಂಗೆ ಬಾಯಲ್ಲಿ ವಾದ ಮಾಡಿದ್ರೆ ಏನೂ ತಿಳಿಯಾಕಿಲ್ಲ ರೀ. ಹದಿನೈದು ದಿನ ನಿಮ್ಮದು ನನಗೆ ಕೊಡ್ರಿ, ನನ್ನದು ನೀವು ಓಡಿಸ್ರಿ. ಆಮೇಲೆ ಮಾತಾಡಣ."

ಹದಿನೈದು ದಿನಕ್ಕೊಂದು ಭಾನುವಾರ ಬದಲಾಯಿಸಿಕೊಳ್ಳಲು ಚನ್ನಗಿರಿ ಗೊತ್ತು ಮಾಡಿಕೊಂಡೆವು. ಅಲ್ಲಿ ಇಬ್ಬರೂ ನಂಬುತ್ತಿದ್ದ ಮೆಕ್ಯಾನಿಕ್ ಒಬ್ಬರಿದ್ದರು. ಐವತ್ತು ದಾಟಿದವರು, ನಾವು ಚಾಚಾ ಎನ್ನುತ್ತಿದ್ದೆವು. ನಾನು ಹೊನ್ನಾಳಿ ದಾಟಿ ಹೋದರೆ ಮುಗಿಯಿತು. ಅವಳು ದಾವಣಗೆರೆ, ತ್ಯಾವಣಿಗೆ ಎಲ್ಲ ಹಾಯ್ದು ನನ್ನ ದಾರಿಯ ಎರಡರಷ್ಟು ದೂರ ಬರಬೇಕಿತ್ತು. ಆದರೂ ಪ್ರತಿ ಸಲ ನನಗಿಂತ ಮೊದಲೇ ಬಂದು, ಹೆಲ್ಮೆಟ್ಟನ್ನು ಮಡಿಲಲ್ಲಿಟ್ಟುಕೊಂಡು, ಗ್ಯಾರೇಜಿನ ಮುಂದಿನ ಬೆಂಚಿನ ಮೇಲೆ ಟೀ ಕುಡಿಯುತ್ತ ಕೂತಿರುತ್ತಿದ್ದಳು. ದೂರದಿಂದ ಆ ಬೆಂಚು ಕಂಡ ಕೂಡಲೇ ನಾನು ಕಾರಣವಿಲ್ಲದೆ ಒಂದು ಗೇರ್ ಇಳಿಸುತ್ತಿದ್ದೆ.

ಚಾಚಾ ಎರಡೂ ಬೈಕುಗಳನ್ನು ಸ್ಟ್ಯಾಂಡಿಗೆ ಹಾಕಿ ಮುಂದಿನ ಚಕ್ರ ಅಲ್ಲಾಡಿಸಿ ನೋಡುತ್ತಿದ್ದರು. ಮೂರನೆಯ ಸಲವೋ ನಾಲ್ಕನೆಯ ಸಲವೋ ಇರಬೇಕು, ಅವರು ತೀರ್ಪು ಕೊಟ್ಟರು.

"ನೋಡ್ರಿ ಸರ್ವೇಯರ್ ಸಾಹೇಬ್ರೆ, ಈ ದೊಡ್ಡದೈತಲ್ಲ, ಕಲ್ಲಿನ ಮ್ಯಾಲೆ ಮೆತ್ತೆ ಹಾಸಿದಂಗೆ ಹೋಗ್ತೈತೆ. ಆದ್ರೆ ಮುಂದಿನ ಶಾಕಿನ ಆಯಿಲ್ ಸೀಲ್ ಸೋರಾಕೆ ಹತ್ತಿದ್ರೆ ಸಾಮಾನು ನಮ್ಮೂರಾಗೆ ಸಿಗಲ್ಲ, ದಾವಣಗೆರೆಯಿಂದ ಬರ್ಬೇಕು. ನಿಮ್ಮ ಸಣ್ಣದು ಕಲ್ಲಿನ ಮ್ಯಾಲೆ ಕುಣಿತೈತೆ, ಸೊಂಟಕ್ಕೆ ತ್ರಾಸು. ಆದ್ರೆ ಕೈ ಕೊಡಲ್ಲ. ಎಣ್ಣೆ ಬದಲು ಮಾಡ್ರಿ, ಏರ್ ಫಿಲ್ಟರ್ ತೊಳೀರಿ, ಅಷ್ಟೇ ಕೇಳ್ತೈತೆ."

"ಅಂದ್ರೆ ನಂದು ಗೆದ್ತು ಅನ್ನಿ," ಎಂದೆ.

"ಯಾರ ಸೊಂಟ ಅನ್ನೋದರ ಮ್ಯಾಲೆ ಐತೆ," ಎಂದರು ಚಾಚಾ. ಅವಳು ಟೀ ಚೆಲ್ಲುವಷ್ಟು ನಕ್ಕಳು.

ಹೋಲಿಕೆ ಅಲ್ಲಿಗೇ ಮುಗಿಯಬಹುದಿತ್ತು. ಇನ್ನೂ ಮಳೆಗಾಲ ನೋಡಿಲ್ಲ, ಬೇಸಿಗೆಯ ದೂಳು ನೋಡಿಲ್ಲ ಎಂದು ಒಂದೊಂದು ನೆಪ ತೆಗೆದು ನಾವೇ ಮುಂದುವರಿಸಿದೆವು. ನಿಜವಾದ ಕಾರಣ ಬೇರೆ ಇತ್ತು, ಅದನ್ನು ಆಗ ಬಾಯಿಬಿಟ್ಟು ಹೇಳಿಕೊಂಡಿರಲಿಲ್ಲ. ಅವಳ ಹದಿನೈದು ದಿನಗಳೆಲ್ಲ ಬೈಕಿನ ಮೇಲೆ ಕೂತು ನನ್ನ ಮನೆಗೆ ಬರುತ್ತಿದ್ದವು. ಚಕ್ರದ ಕಡ್ಡಿಗಳ ನಡುವೆ ಕುರಿ ಉಣ್ಣೆಯ ಎಳೆ ಸಿಕ್ಕಿಕೊಂಡಿರುತ್ತಿತ್ತು. ಸೀಟಿನ ಚೀಲಕ್ಕೆ ಅಯೋಡಿನ್ ವಾಸನೆ ಹತ್ತಿರುತ್ತಿತ್ತು. ಹಿಂದಿನ ಬ್ರೇಕ್ ಪ್ಯಾಡ್ ಸವೆದಿದ್ದರೆ ಇಳಿಜಾರುಗಳಲ್ಲೇ ಹೆಚ್ಚು ಓಡಾಡಿದ್ದಾಳೆ ಎಂದುಕೊಳ್ಳುತ್ತಿದ್ದೆ. ಕ್ಲಚ್ ಲಿವರನ್ನು ಅವಳ ಬೆರಳಿಗೆ ಹೊಂದುವಂತೆ ಹತ್ತಿರ ಮಾಡಿಕೊಂಡಿರುತ್ತಿದ್ದಳು. ನಾನು ಅದನ್ನು ನನ್ನ ಅಳತೆಗೆ ತಿರುಗಿಸದೆ, ಬೆರಳು ಮಡಚಿಕೊಂಡೇ ಓಡಿಸುತ್ತಿದ್ದೆ. ನ್ಯಾಮತಿಯ ಮನೆಯಲ್ಲಿ ಬೆಳಿಗ್ಗೆ ಬೈಕ್ ಒರೆಸುವಾಗ ಜಗಳೂರಿನ ಬಿಳಿ ದೂಳು ಬಟ್ಟೆಗೆ ಬರುತ್ತಿತ್ತು. ಒಂದೊಂದು ದಿನ ಒರೆಸದೆ ಹಾಗೇ ಬಿಡುತ್ತಿದ್ದೆ.

ಎರಡನೆಯ ವರ್ಷದ ಒಂದು ಭಾನುವಾರ ಬೆಂಚು ಖಾಲಿಯಿತ್ತು. ಹತ್ತು ಗಂಟೆಯಾಯಿತು, ಹನ್ನೊಂದಾಯಿತು, ಫೋನ್ ಹತ್ತಲಿಲ್ಲ. ಚಾಚಾ ಕೆಲಸ ಬಿಟ್ಟು ಬಂದು ನನ್ನ ಪಕ್ಕ ನಿಂತರು. ಕೊನೆಗೆ ಗೊತ್ತಿಲ್ಲದ ನಂಬರಿನಿಂದ ಅವಳೇ ಮಾತಾಡಿದಳು.

"ಗಾಬರಿ ಆಗಬ್ಯಾಡ್ರಿ. ಬರೋ ಮುಂಚೆ ಒಂದು ಹಟ್ಟೀಲಿ ಕುರಿ ನೋಡಾಕೆ ಹೋಗಿದ್ದೆ. ಹಳ್ಳದಾಗೆ ಬಿದ್ದೆ. ಗಾಡಿ ಕಾಲ ಮ್ಯಾಲೆ ಬಿತ್ತು, ಎತ್ತಾಕೆ ಆಗಲಿಲ್ಲ."

ಎಷ್ಟು ಹೊತ್ತು ಹಾಗೆ ಬಿದ್ದಿದ್ದಳು ಎಂದು ಕೇಳಿದೆ. ಕುರಿ ಕಾಯುವ ಇಬ್ಬರು ಹೆಂಗಸರು ದೂರದಿಂದ ಕಂಡು, ಓಡಿ ಬಂದು ಬೈಕ್ ಎತ್ತಿದರಂತೆ.

ಹಗುರದ ಬೈಕಿನಲ್ಲಿ ಚನ್ನಗಿರಿಯಿಂದ ಜಗಳೂರಿನವರೆಗೆ ಎಲ್ಲೂ ನಿಲ್ಲದೆ ಹೋದೆ. ತ್ಯಾವಣಿಗೆ ದಾಟುವಾಗ ರಸ್ತೆಯ ಪ್ರತಿ ಗುಂಡಿಯೂ ಬೆನ್ನುಹುರಿಗೆ ಬಡಿಯಿತು. ಇದೇ ದಾರಿಯನ್ನು, ಇದೇ ಬೈಕಿನ ಮೇಲೆ ಕೂತು, ಅವಳು ತಿಂಗಳಿಗೊಮ್ಮೆ ಬಂದು ಹೋಗುತ್ತಿದ್ದಳು. ಸೊಂಟ ನೋವೆಂದು ಒಮ್ಮೆಯೂ ಅಂದವಳಲ್ಲ. ನಾನು ಮಾತ್ರ ಫೋನಿನಲ್ಲಿ ನನ್ನ ಬೈಕಿನ ಗುಣಗಾನ ಮಾಡಿದ್ದೇ ಮಾಡಿದ್ದು. ದಾವಣಗೆರೆ ಹತ್ತಿರವಾದಾಗ ಹೆಲ್ಮೆಟ್ಟಿನ ಒಳಗೆ ಕಣ್ಣು ಮಂಜಾಯಿತು.

ಕಾಲಿಗೆ ಪಟ್ಟಿ ಹಾಕಿಸಿಕೊಂಡು ಮನೆಯ ಕಟ್ಟೆಯ ಮೇಲೆ ಕೂತಿದ್ದಳು. ಎದುರಿಗೆ ಸೊಟ್ಟಗಾದ ಹ್ಯಾಂಡಲ್ಲಿನ ದೊಡ್ಡ ಬೈಕ್ ನಿಂತಿತ್ತು.

"ಗಾಡಿದು ತಪ್ಪಿಲ್ಲ ರೀ," ಎಂದಳು, ನಾನು ಇನ್ನೂ ಇಳಿದಿರಲಿಲ್ಲ. "ಕಲ್ಲು ಜಾರ್ತು."

"ಗಾಡಿ ಯಾರು ಕೇಳಿದ್ರು? ಕಾಲು ಹೆಂಗೈತೆ?"

"ಎಲುಬು ಸೀಳು ಬಿಟ್ಟೈತಂತೆ. ಒಂದೂವರೆ ತಿಂಗಳು." ಆಮೇಲೆ ತಲೆ ತಗ್ಗಿಸಿ ಮೆಲ್ಲಗೆ ಅಂದಳು. "ಕೆಳಗೆ ಬಿದ್ದಾಗ ನಿಮ್ಮದೇ ಆಗಿದ್ರೆ ಒಬ್ಬಳೇ ಎತ್ತಬಹುದಿತ್ತು ಅನ್ನಿಸ್ತು."

ವಾದದಲ್ಲಿ ಗೆದ್ದದ್ದು ನನಗೆ ಅಂದಿನಷ್ಟು ಬೇಡವಾಗಿ ಯಾವತ್ತೂ ಅನ್ನಿಸಿಲ್ಲ.

ಕಾಲು ವಾಸಿಯಾದ ಮೇಲೆ ಅವಳು ದೊಡ್ಡದನ್ನು ಮಾರಲು ಒಪ್ಪಲಿಲ್ಲ. ಹದಿನೈದು ದಿನದ ಬದಲಾವಣೆ ಮತ್ತೆ ಶುರುವಾಗಿ ಇನ್ನೆರಡು ವರ್ಷ ನಡೆಯಿತು. ಆಮೇಲೆ ಅವಳಿಗೆ ಹೊನ್ನಾಳಿಗೆ ವರ್ಗವಾಯಿತು. ನಾವು ಅಷ್ಟು ವರ್ಷ ಅರ್ಜಿ ಹಾಕಿ ಬೇಡಿಕೊಂಡಿದ್ದೇ ಅದನ್ನು. ಹೊನ್ನಾಳಿಯಲ್ಲಿ ಒಂದೇ ಮನೆ ಮಾಡಿದೆವು, ನಾನು ನ್ಯಾಮತಿಗೆ ಬಸ್ಸಿನಲ್ಲಿ ಓಡಾಡತೊಡಗಿದೆ. ಎರಡು ಬೈಕಿನ ಆರೈಕೆ ಯಾಕೆಂದು ದೊಡ್ಡದನ್ನು ಬಸವಾಪಟ್ಟಣದವರೊಬ್ಬರಿಗೆ ಕೊಟ್ಟೆವು. ಅವರು ಓಡಿಸಿಕೊಂಡು ಹೊರಟಾಗ ಅವಳು ಒಳಗೆ ಹೋಗಿ ಅಕ್ಕಿ ಆರಿಸುತ್ತ ಕೂತಳು.

ಈಗ ದಿನವೂ ಒಟ್ಟಿಗೆ ಉಣ್ಣುತ್ತೇವೆ. ಇದಕ್ಕಿಂತ ಹೆಚ್ಚಿನದನ್ನು ನಾನು ಕೇಳಿರಲೂ ಇಲ್ಲ. ಆದರೂ ಕೆಲವು ಭಾನುವಾರ ಬೆಳಿಗ್ಗೆ ಮೈ ತಾನಾಗಿ ಬೇಗ ಏಳುತ್ತದೆ. ಎದ್ದು ಕೂತ ಮೇಲೆ ಎಲ್ಲಿಗೂ ಹೋಗಬೇಕಿಲ್ಲ ಎಂಬುದು ನೆನಪಾಗುತ್ತದೆ. ಪಕ್ಕದಲ್ಲೇ ಮಲಗಿರುವವಳನ್ನು ನೋಡಬೇಕು ಎಂಬ ಆಸೆ ಎದೆಯಲ್ಲಿ ಎದ್ದು, ಎಲ್ಲಿ ಕೂರಬೇಕೆಂದು ತಿಳಿಯದೆ ಒದ್ದಾಡುತ್ತದೆ. ಇದನ್ನು ಅವಳಿಗೆ ಹೇಳುವುದು ಹೇಗೆ?

ಮೊನ್ನೆ ಅವಳೇ, "ಚನ್ನಗಿರಿಗೆ ಹೋಗಿ ಬರಣ, ಗಾಡಿ ಹಿಂದೆ ಕುಗ್ತೈತೆ," ಎಂದಳು. ಇಬ್ಬರೂ ಒಂದೇ ಬೈಕಿನಲ್ಲಿ ಹೋದೆವು. ಚಾಚಾ ಹಿಂದಿನ ಸ್ಪ್ರಿಂಗನ್ನು ಒತ್ತಿ ನೋಡಿ, "ಒಬ್ಬರಿಗೆ ಬಿಗಿ ಮಾಡಿದ್ದು ಇದು. ಈಗ ಇಬ್ಬರು ಕೂರ್ತೀರಿ," ಎಂದು ಎರಡು ಸುತ್ತು ಗಟ್ಟಿ ಮಾಡಿದರು.

ಹೊರಡುವಾಗ ಅವಳು ಕೀಲಿ ಕೈಯಲ್ಲಿ ಹಿಡಿದು ನಿಂತಳು. "ಸಿಟ್ಟಾಗಬ್ಯಾಡ್ರಿ. ನೀವು ಬಸ್ಸಿಗೆ ಬರ್ತೀರಾ? ಇಷ್ಟು ದೂರ ಒಬ್ಬಳೇ ಓಡಿಸಿ ಬಾಳ ದಿನ ಆತು."

"ಹೋಗು ಮಾರಾಯ್ತಿ," ಎಂದೆ.

ಅವಳು ತಿರುವಿನಲ್ಲಿ ಮರೆಯಾಗುವವರೆಗೆ ನಿಂತಿದ್ದು, ಹೊನ್ನಾಳಿ ಬಸ್ಸು ಹತ್ತಿದೆ. ಮನೆ ತಲುಪಿದಾಗ ಅವಳಿನ್ನೂ ಬಂದಿರಲಿಲ್ಲ. ಫೋನ್ ಮಾಡಬಹುದಿತ್ತು, ಮಾಡಲಿಲ್ಲ. ಬಾಗಿಲು ತೆಗೆದಿಟ್ಟು, ಆ ಬೆಂಚಿನ ಮೇಲೆ ಅವಳು ಕೂರುತ್ತಿದ್ದ ಹಾಗೆ, ಮೆಟ್ಟಿಲ ಮೇಲೆ ಕೂತೆ. ಬೀದಿಯಲ್ಲಿ ಹೋಗುವ ಒಂದೊಂದೇ ಗಾಡಿಯ ಸದ್ದಿಗೆ ಕಿವಿಗೊಟ್ಟು, ಇದಲ್ಲ, ಇದೂ ಅಲ್ಲ ಎನ್ನುತ್ತ, ಸಂಜೆ ಅವಳು ಬರುವವರೆಗೆ ಕಾದೆ.