ಅತ್ತವರ ಸೀಟು

ಓಪಲ್ ಸ್ಟಟ್ಲರ್ ವಿಷಯದಲ್ಲಿ ನನ್ನ ಹೊಟ್ಟೆಕಿಚ್ಚು ಶುರುವಾದಾಗ ನನಗೆ ಆರು ವರ್ಷ. ಈಗ ಇಪ್ಪತ್ತಾರು. ಇಷ್ಟು ಕಾಲ ಬಿಡದೆ ನಡೆಸಿಕೊಂಡು ಬಂದ ಕೆಲಸ ನನ್ನ ಬದುಕಿನಲ್ಲಿ ಇದೊಂದೇ.

ಓಪಲ್ ನಮ್ಮ ಕಾರ್ವರ್ಸ್ ರನ್ ಊರಿನ ಏಳನೇ ನಂಬರ್ ಶಾಲಾ ಬಸ್ಸಿನ ಡ್ರೈವರ್. ಒಹಾಯೊದ ಈ ಮೂಲೆಯ ಗುಡ್ಡಗಳಲ್ಲಿ ಮೂವತ್ತನಾಲ್ಕು ವರ್ಷದಿಂದ ಅದೇ ರೂಟು. ಬಸ್ಸು ಮೂರು ಸಲ ಬದಲಾಗಿದೆ, ಓಪಲ್ ಬದಲಾಗಿಲ್ಲ. ಕುಳ್ಳಗಿನ ಗಟ್ಟಿ ಹೆಂಗಸು, ಮಂಡಿ ನೋವು, ತಲೆಗೆ ಯಾವುದೋ ಬಿತ್ತನೆ ಬೀಜದ ಕಂಪನಿಯ ಹಳೇ ಟೋಪಿ. ಪ್ರತಿ ಸ್ಟಾಪಿನಲ್ಲೂ ಎರಡು ಸಲ ಚಿಕ್ಕದಾಗಿ ಹಾರ್ನ್ ಹೊಡೆಯುತ್ತಾಳೆ, ಒಂದು ನಿಮಿಷ ಕಾಯುತ್ತಾಳೆ, ಹೋಗುತ್ತಾಳೆ.

ಅವಳ ಹಿಂದಿನ ಮೊದಲ ಸೀಟು ಯಾವಾಗಲೂ ಖಾಲಿ. ಅದು ಆ ದಿನ ಬೆಳಿಗ್ಗೆ ಅತ್ತು ಬಂದ ಮಗುವಿಗೆ. ಅಲ್ಲಿ ಕೂತವರಿಗೆ ಅವಳು ಹಿಂತಿರುಗಿ ನೋಡದೆ, ಏನಾಯ್ತು ಅಂತಲೂ ಕೇಳದೆ, ಭುಜದ ಮೇಲಿಂದ ಒಂದು ಪೆಪ್ಪರ್‌ಮಿಂಟ್ ಚಾಚುತ್ತಿದ್ದಳು. ನಮ್ಮ ಮನೆಯಲ್ಲಿ ಎಲ್ಲರೂ ಸುಖವಾಗಿದ್ದರು. ಅದು ನನ್ನ ದುರದೃಷ್ಟ. ಎರಡನೇ ತರಗತಿಯಲ್ಲಿ ಒಂದು ದಿನ ಕಣ್ಣಿಗೆ ಎಂಜಲು ಹಚ್ಚಿಕೊಂಡು ಹತ್ತಿದೆ. ಓಪಲ್ ಕನ್ನಡಿಯಲ್ಲೇ ನೋಡಿ, "ಟ್ರಾವಿಸ್, ಮುಖ ಒರೆಸ್ಕೊಂಡು ಹಿಂದೆ ಹೋಗು ಮರಿ," ಅಂದಳು. ಇಡೀ ಬಸ್ಸು ನಕ್ಕಿತು.

ಬೆಳೆದು ನಾನೂ ಬಸ್ ಡ್ರೈವರ್ ಆದೆ. ಹನ್ನೊಂದನೇ ನಂಬರು. ಅವಳ ಡ್ಯಾಶ್‌ಬೋರ್ಡಿನ ಮೇಲೆ ಮಕ್ಕಳು ಕೊಟ್ಟ ಕುಕ್ಕಿ ಡಬ್ಬಿಗಳು. ನನ್ನದರ ಮೇಲೆ ಯಾರೋ ಅಂಟಿಸಿದ ಬಬಲ್ ಗಮ್. ಅವಳನ್ನು ಕಂಡರೆ ನಾಯಿಗಳು ಬಾಲ ಅಲ್ಲಾಡಿಸುತ್ತವೆ. ನನ್ನ ಬಸ್ಸಿನ ಟಯರಿಗೆ ಕಾಲೆತ್ತುತ್ತವೆ.

ಈ ವರ್ಷ ಶಾಲೆಯ ಹಣ ಮುಗಿಯುತ್ತ ಬಂತು. ಮನೆ-ಜಮೀನಿನ ಮೇಲೆ ಒಂದಿಷ್ಟು ತೆರಿಗೆ ಹೆಚ್ಚಿಸಲು ಊರಿನವರು ಒಪ್ಪಬೇಕು. ಇಲ್ಲದಿದ್ದರೆ ಹೈಸ್ಕೂಲಿನ ಬಸ್ಸುಗಳು ಬಂದ್. ಕೊನೆಗೆ ಸೇರಿದ ಡ್ರೈವರಿಗೆ ಮೊದಲು ಗೇಟ್‌ಪಾಸ್. ಕೊನೆಗೆ ಸೇರಿದವನು ನಾನು. ಪ್ರಶ್ನೆಯನ್ನು ಮೇ ತಿಂಗಳ ಪ್ರೈಮರಿ ಚುನಾವಣೆಯ ಜೊತೆಗೇ ಇಟ್ಟರು, ಅಂದರೆ ಪಕ್ಷಗಳು ತಮ್ಮ ತಮ್ಮ ಹುರಿಯಾಳನ್ನು ಆರಿಸಿಕೊಳ್ಳುವ, ಊರಿನ ಹತ್ತರಲ್ಲಿ ಒಂಬತ್ತು ಜನಕ್ಕೆ ನೆನಪೂ ಇರದ ಮತದಾನ.

ನೆನಪಿದ್ದವರೂ ಹೋಗುವುದಿಲ್ಲ. ಮತಗಟ್ಟೆಯಲ್ಲಿ ಮೇಜಿನ ಆಚೆ ಕೂತವರು "ಯಾವ ಪಕ್ಷದ ಚೀಟಿ ಕೊಡ್ಲಿ?" ಅಂತ ಕೇಳುತ್ತಾರೆ. ಕೇಳುವವಳು ನಿಮ್ಮ ಪಕ್ಕದ ಮನೆಯವಳು, ಹಿಂದೆ ನಿಂತವನು ನಿಮ್ಮ ಮಾವ. ಇಷ್ಟು ಚಿಕ್ಕ ಊರಲ್ಲಿ ಆ ಹೆಸರನ್ನು ಬಾಯಿಬಿಟ್ಟು ಹೇಳುವುದೆಂದರೆ ಚಡ್ಡಿಯ ಬಣ್ಣ ಹೇಳಿದ ಹಾಗೆ. ನಾನು ಒಮ್ಮೆ ಹೋಗಿದ್ದೆ. ಗಾಬರಿಯಲ್ಲಿ ಮುಂದಿನವನು ಹೇಳಿದ್ದನ್ನೇ ಹೇಳಿದೆ. ಆರು ತಿಂಗಳು ಆ ಪಕ್ಷದವರು ನನಗೆ ಕಾಗದ ಬರೆದರು. ಆಮೇಲೆ ಆ ಕಡೆ ತಲೆ ಹಾಕಲಿಲ್ಲ.

ಏಪ್ರಿಲ್‌ನಲ್ಲಿ ಶಾಲೆಯ ಊಟದ ಹಾಲಿನಲ್ಲಿ ಸಭೆ ಸೇರಿತು. ಮಕ್ಕಳ ಅಳತೆಯ ಸ್ಟೂಲುಗಳ ಮೇಲೆ ದೊಡ್ಡವರೆಲ್ಲ ಮಂಡಿ ಗದ್ದಕ್ಕೆ ತಾಗುವಂತೆ ಕೂತಿದ್ದರು. ದನ ಸಾಕುವ ಲಾಯ್ಡ್ ಬಾರ್ನ್‌ಹೌಸ್ ಎದ್ದ. ವಯಸ್ಸು ಐವತ್ತರ ಹತ್ತಿರ, ಗೇಟಿಗೆ 'ಬೇಡ' ಎಂಬ ಬೋರ್ಡು ನೇತುಹಾಕಿದವನು.

"ನಂಗೆ ಶಾಲೆ ಮೇಲೆ ಸಿಟ್ಟಿಲ್ಲ ಕಣ್ರಪ್ಪಾ. ಆದ್ರೆ ತೆರಿಗೆ ನನ್ನ ಹುಲ್ಲುಗಾವಲಿನ ಮೇಲೆ ಬೀಳತ್ತೆ. ಹಸು ಕೇಳತ್ತಾ, ನಿಮ್ಮೂರ ಮಕ್ಕಳು ಬಸ್ಸಲ್ಲಿ ಹೋಗ್ತಾರಾ ಅಂತ?"

"ಹಸುಗೂ ಟ್ರೈಲರ್ ಬೇಕಲ್ವಾ ಲಾಯ್ಡ್, ಸಂತೆಗೆ ಹೋಗೋಕೆ?" ಅಂದಳು ಓಪಲ್ ಕೂತಲ್ಲಿಂದಲೇ. ಸಭೆ ನಕ್ಕಿತು. ಲಾಯ್ಡ್ ಕೂಡ ನಕ್ಕ. ನಾನು ಮೂರು ದಿನ ಕೂತು ಬರೆದಿದ್ದ ಭಾಷಣ ಓದಲು ಎದ್ದೆ. "ಬಸ್ಸು ಎಂಬುದು..." ಅಂತ ಶುರು ಮಾಡುವಷ್ಟರಲ್ಲಿ ಜನ ಕಾಫಿಗೆ ಎದ್ದರು.

ಮತದಾನದ ಮಂಗಳವಾರ ಶಾಲೆಗೆ ರಜೆ, ಅದರ ಜಿಮ್ಮೇ ಮತಗಟ್ಟೆ. ಬೆಳಿಗ್ಗೆ ಆರೂವರೆಗೆ ಓಪಲ್ ತನ್ನ ಸ್ವಂತ ವ್ಯಾನು ತೆಗೆದುಕೊಂಡು ಏಳನೇ ನಂಬರಿನ ರೂಟಿಗೆ ಹೊರಟಳು. ಪ್ರತಿ ಸ್ಟಾಪಿನಲ್ಲೂ ಎರಡು ಹಾರ್ನ್, ಒಂದು ನಿಮಿಷ.

ಜನ ಬಂದೇಬಿಟ್ಟರು, ಒಂದು ಕಾಲದಲ್ಲಿ ಅವಳ ಬಸ್ಸು ಹತ್ತಿದ್ದವರೆಲ್ಲ! ಮೀಸೆ ಬೆಳೆದವರು, ಬೊಜ್ಜು ಬಂದವರು, ಸೊಂಟದಲ್ಲಿ ಮಗು ಇಟ್ಟುಕೊಂಡವರು, ಒಂದು ಕಾಲಿಗೆ ಬೂಟು ಹಾಕಿಕೊಳ್ಳುತ್ತ ಓಡಿ ಬಂದರು. ಒಂದು ನಿಮಿಷ ಮೀರಿದರೆ ಹೋಗಿಬಿಡುತ್ತಾಳೆ ಎಂದು ಅವರ ಕಾಲಿಗೆ ಗೊತ್ತಿತ್ತು. ವ್ಯಾನಿನಲ್ಲಿ ಅವಳು ಪಾಠ ಹೇಳಿಸುತ್ತಿದ್ದಳಂತೆ.

"ಪಕ್ಷದ ಹೆಸರು ಯಾರೂ ಹೇಳ್ಬೇಕಾಗಿಲ್ಲ. ಶಾಲೆ ಪ್ರಶ್ನೆ ಮಾತ್ರ ಇರೋ ಚೀಟಿ ಬೇರೇನೇ ಇದೆ. ಏನಂತೀರಿ?"

"ಶಾಲೆ ಚೀಟಿ ಒಂದೇ ಸಾಕು!" ಎಲ್ಲರೂ ಒಟ್ಟಿಗೆ.

"ಹಿಂದಿನ ಸೀಟು ಕೇಳಿಸ್ಲಿಲ್ಲ."

ಇದು ಒಂಬತ್ತು ಗಂಟೆಗೆ ನನ್ನ ಕಿವಿಗೆ ಬಿತ್ತು. ಕೆಲಸ ಹೋಗುವುದು ನನ್ನದು, ಹೆಸರು ಅವಳಿಗಾ? ಕಾರು ತೆಗೆದು ನನ್ನ ರೂಟಿಗೆ ಹೊರಟೆ. ಮೊದಲ ಸ್ಟಾಪಿನಲ್ಲಿ ಎರಡು ಹಾರ್ನ್. ಪರದೆ ಅಲ್ಲಾಡಿತು, ಮತ್ತೆ ಮುಚ್ಚಿತು. ಎರಡನೆಯದರಲ್ಲಿ ನಾಯಿ ಬಂತು. ಮೂರನೆಯದರಲ್ಲಿ ಒಬ್ಬ ಗಂಡಸು ಬಂದ.

"ಫೆಬ್ರವರೀಲಿ ನನ್ ಮಗಳನ್ನ ಬಿಟ್ಟು ಹೋದವನು ನೀನೇನಾ?"

"ಐಸ್ ಇತ್ತು ಸಾರ್, ನಿಲ್ಲಿಸಿದ್ರೆ ಜಾರ್ತಿತ್ತು."

"ಹೆಸ್ರೇನು ಅವಳದ್ದು?"

ನನಗೆ ಗೊತ್ತಿರಲಿಲ್ಲ. ಎರಡು ವರ್ಷ ದಿನಾ ಹತ್ತಿಸಿಕೊಂಡಿದ್ದೆ. ಅವನು ಒಳಗೆ ಹೋದ.

ಕೊನೆಗೆ ನನ್ನ ಪಾಲಿಗೆ ಸಿಕ್ಕವರು ಇಬ್ಬರು: ಗ್ಯಾಸಿನವನು ಅಂದುಕೊಂಡು ಬಂದ ಒಬ್ಬ ಅಜ್ಜಿ, ಅವಳನ್ನು ಒಂಟಿಯಾಗಿ ಕಳಿಸಲು ಹೆದರಿದ ಅವಳ ತಂಗಿ. ಅವರನ್ನು ಜಿಮ್ಮಿನ ಬಾಗಿಲಲ್ಲಿ ಇಳಿಸಿ ಅವಳು ಕಲಿಸಿದ ಮಾತು ಹೇಳಿ ಮತ ಹಾಕುವ ಮನಸ್ಸಿಲ್ಲದೆ ನಾನು ಕಾರಿನಲ್ಲೇ ಕೂತೆ. ಓಪಲ್‌ಳ ವ್ಯಾನು ಬಂದು ನಿಂತಿತು, ತುಂಬಿ. ಇಳಿದವರನ್ನು ಎಣಿಸಬಾರದು ಅಂದುಕೊಂಡೆ. ಎಣಿಸಿದೆ. ಅಜ್ಜಿಯನ್ನೂ ತಂಗಿಯನ್ನೂ ವಾಪಸ್ ಬಿಟ್ಟು ಮನೆಗೆ ಹೋದೆ.

ಸಂಜೆ ಏಳು ಗಂಟೆ. ಮತದಾನ ಮುಗಿಯಲು ಅರ್ಧ ಗಂಟೆ. ಚಕ್ರದ ಮೇಲಿನ ನನ್ನ ಟ್ರೈಲರ್ ಮನೆಯಲ್ಲಿ ತಣ್ಣಗಿನ ಬೀನ್ಸ್ ತಿನ್ನುತ್ತಿದ್ದೆ. ಹೊರಗೆ ಎರಡು ಹಾರ್ನ್.

ಹೋಗಬಾರದು ಅಂತ ಗಟ್ಟಿ ಮನಸ್ಸು ಮಾಡಿದೆ. ಮನಸ್ಸು ಕೂತೇ ಇತ್ತು, ಕಾಲು ಎದ್ದಿತು. ಕೈ ಗೋಡೆಯ ಮೊಳೆಯಲ್ಲಿ ಶಾಲೆಯ ಚೀಲ ತಡಕಿತು.

ವ್ಯಾನಿನ ಮುಂದಿನ ಸೀಟಿನಲ್ಲಿ, ಓಪಲ್‌ಳ ಪಕ್ಕ, ಲಾಯ್ಡ್ ಬಾರ್ನ್‌ಹೌಸ್ ಕೂತಿದ್ದ. ಟೋಪಿ ಮಡಿಲಲ್ಲಿ. ಕೈಯಲ್ಲಿ ಪೆಪ್ಪರ್‌ಮಿಂಟಿನ ಕಾಗದ.

"ಹಿಂದೆ ಹತ್ತು ಮರಿ," ಅಂದಳು ಓಪಲ್.

ಜಿಮ್ಮಿನ ಎದುರು ಲಾಯ್ಡ್ ಇಳಿದು ಮುಂದೆ ಹೋದ. ನಾನು ತಡೆಯಲಾರದೆ ಕೇಳಿದೆ.

"ಮಿಸ್ ಓಪಲ್, ಅವ್ನು 'ಬೇಡ' ಅಂತ ಹಾಕೋನು! ಅವನನ್ನ ನೀವೇ ಕರ್ಕೊಂಡು ಬಂದ್ರಾ?"

"ಅವನೂ ನನ್ನ ರೂಟಿನವನೇ."

"ನನ್ ಕೆಲಸ ಹೋಗತ್ತೆ."

"ಗೊತ್ತು."

"ಮತ್ತೆ ಮುಂದಿನ ಸೀಟು ಬೇರೆ!"

ಅವಳು ಎಂಜಿನ್ ಆರಿಸಿದಳು. "ಕೆಳಗಿನ ಹುಲ್ಲುಗಾವಲು ಇವತ್ತು ಬೆಳಿಗ್ಗೆ ಮಾರಿದ. ಅವರಪ್ಪಂದು ಅದು. ನಾನು ಹಾರ್ನ್ ಹೊಡ್ದಾಗ ಕೊಟ್ಟಿಗೇಲಿ ಕೂತಿದ್ದ, ಒಬ್ನೇ. ಆ ಸೀಟು ಯಾರಿಗೆ ಅಂತ ನಿಂಗೊತ್ತಲ್ಲ ಟ್ರಾವಿಸ್." ಆಮೇಲೆ ಗಡಿಯಾರ ನೋಡಿದಳು. "ಹೋಗು, ಚೀಟಿ ಹಾಕು. ಏನಂತೀಯ ಒಳಗೆ?"

"ಶಾಲೆ ಚೀಟಿ ಒಂದೇ ಸಾಕು."

"ಕೇಳಿಸ್ಲಿಲ್ಲ."

ನಾನು ಗಟ್ಟಿಯಾಗಿ ಹೇಳಿದೆ.

ಫಲಿತಾಂಶ ಬೆಳಗಾಗುವಷ್ಟರಲ್ಲಿ ಬಂತು. ಊರಿನ ಮೂರು ಸಾವಿರದ ಒಂಬೈನೂರು ಮತದಾರರಲ್ಲಿ ಬೇಕು ಅಂದವರು ನಾನೂರ ಹನ್ನೆರಡು, ಬೇಡ ಅಂದವರು ನಾನೂರ ಹದಿನೇಳು. ಉಳಿದವರಿಗೆ ಅಂದು ಹುಲ್ಲು ಕತ್ತರಿಸುವುದಿತ್ತು, ಕೂದಲು ಕತ್ತರಿಸಿಕೊಳ್ಳುವುದಿತ್ತು. ಐದು ಮತ. ಓಪಲ್ ತಂದವರಲ್ಲಿ 'ಬೇಡ' ಎಷ್ಟು ಅಂತ ಕೇಳಿದೆ. ತಾನು ಕೇಳಿಲ್ಲ ಅಂದಳು. ಅವಳನ್ನು ಬೈಯಲು ಒಂದು ವಾರ ಅಭ್ಯಾಸ ಮಾಡಿದೆ. ಪ್ರತಿ ಸಲವೂ ಬೈಗುಳದ ಮಧ್ಯೆ ಮೂರನೇ ಸ್ಟಾಪಿನ ಆ ಗಂಡಸಿನ ಪ್ರಶ್ನೆ ಬಂದು ನಿಲ್ಲುತ್ತಿತ್ತು. ಆ ಹುಡುಗಿಯ ಹೆಸರು ಹ್ಯಾಡ್ಲಿ. ವಿಚಾರಿಸಿಕೊಂಡೆ. ಹ್ಯಾಡ್ಲಿಯ ಮನೆಯಲ್ಲಿ ಮತದಾರರು ಮೂರು ಜನ. ಅವರ ಪಕ್ಕದ ಮನೆಯಲ್ಲಿ ನಾಲ್ಕು.

ಶಾಲಾ ವರ್ಷದ ಕೊನೆಯ ದಿನ ಬಸ್ಸುಗಳೆಲ್ಲ ಸಾಲಾಗಿ ಹಾರ್ನ್ ಹೊಡೆಯುತ್ತ ಹೊರಡುವುದು ನಮ್ಮ ವಾಡಿಕೆ. ಮೇಷ್ಟ್ರುಗಳು ನಿಂತು ಕೈಬೀಸುತ್ತಾರೆ. ನಾನೂ ಹೊಡೆದೆ. ಹ್ಯಾಡ್ಲಿ ಇಳಿಯುವಾಗ, "ಬಾಯ್ ಹ್ಯಾಡ್ಲಿ" ಅಂದೆ. ಅವಳು ನಿಂತು ನನ್ನನ್ನು ವಿಚಿತ್ರವಾಗಿ ನೋಡಿ, "ನಿಮ್ ಹೆಸರೇನು?" ಅಂತ ಕೇಳಿದಳು.

ಬಸ್ಸು ತಂದು ನಿಲ್ಲಿಸಿ ಬೀಗದ ಕೈ ಒಪ್ಪಿಸಿದೆ. ನನ್ನ ಕಾರಿನ ಕಡೆ ನಡೆಯುತ್ತಿದ್ದಾಗ ಏಳನೇ ನಂಬರಿನ ಬಾಗಿಲು ಉಸ್ಸೆಂದು ತೆರೆಯಿತು.

"ಹತ್ತು," ಅಂದಳು ಓಪಲ್.

"ನನ್ ಕಾರು ಅಲ್ಲೇ ಇದೆ."

"ಕಣ್ಣಿದೆ ನಂಗೆ. ಹತ್ತು."

ನಿಂತ ಬಸ್ಸು. ಅವಳು ಸ್ಟಿಯರಿಂಗ್ ಹಿಡಿದು ಮುಂದೆ ನೋಡುತ್ತ ಕೂತಿದ್ದಳು. ಅವಳ ಹಿಂದಿನ ಸೀಟು ಖಾಲಿ. ಕೂತೆ. ಇಪ್ಪತ್ತು ವರ್ಷ ಆಸೆಪಟ್ಟಿದ್ದ ಸೀಟು. ಕೆಳಗೆ ಚಕ್ರ ಇರುವುದರಿಂದ ಮಂಡಿ ಮಡಚಿ ಕೂರಬೇಕು, ಬೇಸಿಗೆಯಲ್ಲಿ ತೊಡೆ ಸುಡುತ್ತದೆ. ಈ ಸಲ ಎಂಜಲು ಬೇಕಾಗಲಿಲ್ಲ.

ಭುಜದ ಮೇಲಿಂದ ಅವಳ ಕೈ ಬಂತು. ಒಂದು ಪೆಪ್ಪರ್‌ಮಿಂಟು.

ಅದರ ಕಾಗದ ಬಿಚ್ಚುತ್ತ ಕೇಳಿದೆ. "ಲಾಯ್ಡ್‌ಗೆ ಎಷ್ಟು ಕೊಟ್ರಿ ಅವತ್ತು?"

"ಎರಡು."

"ಹಾಗಾದ್ರೆ ನಂಗೂ ಎರಡು ಕೊಡಿ."