ಬರೀ ತಂಬೂರಿ ನುಡಿದ ರವಿವಾರ

ಇವತ್ತು ಮುಂಜಾನೆ ಮೈಲೂರಿನ ನಮ್ಮ ಬಾಜೂ ಮನಿ ಹುಡುಗಿ ಹಾಡು ಕಲೀಲಿಕ್ಕೆ ಮೊಬೈಲಿನಾಗ ತಂಬೂರಿ ಹಚ್ಚಿದಳು. ನನ್ನ ಕೈಯಾಗಿನ ಚಹಾ ಅಲ್ಲೇ ನಿಂತಿತು. ಸಸ್ಪೆನ್ಸ್ ಅಂತಾರೋ ಏನೋ ಇದಕ್ಕ. ಕಾಲೇಜಿನ ಇಂಗ್ಲಿಷ್ ಅರ್ಧ ಮರೆತೀನಿ.

ನಾನು ಸಣ್ಣಾಂವ, ಭಾಲ್ಕಿಯಾಗ ಇದ್ದಾಗ ನಮ್ಮ ಕಾಕಾ ರವಿವಾರಕ್ಕೊಮ್ಮೆ ಹೈದರಾಬಾದ್ ರೇಡಿಯೋದಾಗ ವಚನ ಹಾಡತಿದ್ದರು. ಆಗ ಅಲ್ಲೇ ಕೂತು ನೇರ ಹಾಡಬೇಕು. ನಮ್ಮ ಜಿಲ್ಲಾ ಮೈಸೂರು ರಾಜ್ಯಕ್ಕ ಸೇರಿದ ಹೊಸತು. ಕಾಕಾಗ ಮೈ ಸುಡೋ ಜ್ವರ, ಎದಿ ಗೊರಗೊರ ಅಂತಿತ್ತು. ಆದರೂ ತಂಬೂರಿಗೆ ಗವಸು ಹಾಕಿದರು.

"ಈಗ ನಾವು ಮೈಸೂರಿನವರು. ಹೈದರಾಬಾದಿನವರು ಮತ್ತ ಕರೀತಾರೋ ಇಲ್ಲೋ."

"ಜ್ವರಕ್ಕ ಯಾವ ರಾಜ್ಯ ಆದರೇನ್ರಿ?" ಅಂದಳು ಕಾಕು.

ಕಾಕಾ ನಕ್ಕು ಬಸ್ಸು ಹತ್ತಿದರು.

ರವಿವಾರ ಸಾಹುಕಾರರ ಅಂಗಡಿಯ ರೇಡಿಯೋ ಮುಂದ ಎಲ್ಲರೂ ಕೂತೆವು. ಕಾಕಾನ ಹೆಸರು ಹೇಳಿದರು. ತಂಬೂರಿ ಶುರು ಆತು. ಒಂದು ಕೆಮ್ಮು ಕೇಳಿಸ್ತು. ಆಮ್ಯಾಲ ಬರೀ ತಂಬೂರಿ.

"ಶ್ರುತಿ ನೋಡ್ಕೋತಿರಬೇಕವ್ವ," ಅಂದರು ಸಾಹುಕಾರರು.

ತಂಬೂರಿ ನಿಂತಿತು, ರೇಡಿಯೋದವರು ಯಾವುದೋ ಶಹನಾಯಿ ಪ್ಲೇಟು ಹಚ್ಚಿದರು. ಸಾಹುಕಾರರ ಕೈ ಗುಂಡಿ ಕಡೆ ಹೋತು.

"ಬಂದ್ ಮಾಡಬ್ಯಾಡ್ರಿ ಅಣ್ಣಾ. ಅವರು ಇನ್ನಾ ಹಾಡಿಲ್ಲ," ಅಂದಳು ಕಾಕು.

ಮರುದಿನ ತಬಲಾ ಬಾರಿಸೋ ಔರಾದಿನ ಗೆಳೆಯ ತಂಬೂರಿ ಹಿಡಕೊಂಡು ಬಸ್ಸಿನಿಂದ ಇಳಿದ. ಕಾಕಾನ ಹೆಣ ಹಿಂದ ಲಾರಿಯಾಗ ಬರ್ತಿತ್ತು.

ನಮ್ಮ ಮನಿಯಾಕಿ ಬದುಕಿದ್ದಾಗ, ಎಲ್ಲೇ ತಂಬೂರಿ ಕೇಳಿಸಿದರೂ ನನ್ನ ಸಲುವಾಗಿ ಅಡಿಗಿ ಮನಿಯಿಂದ ತಾನೇ ಏನರೆ ಗುನುಗುತಿದ್ದಳು. ಇವತ್ತು ಆ ಹುಡುಗಿ ಬಾಯಿ ತೆಗೆಯೋತನಕ ಗ್ವಾಡಿ ಹಿಡಕೊಂಡು ನಿಂತಿದ್ದೆನ್ರಿ.